413 ಬೆನ್ನಟ್ಟಿದ ದಿನ ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿತ್ತು

ರಣಜಿ ಬೆಳಗು, ಬೆಂಗಳೂರು
26 ಡಿಸೆಂಬರ್ 2025, ರಾತ್ರಿ 9.40

ಮೊನ್ನೆ ಬುಧವಾರ ಅಹಮದಾಬಾದಿನಲ್ಲಿ ಕರ್ನಾಟಕಕ್ಕೆ ವಿಜಯ್ ಹಜಾರೆ ಟ್ರೋಫಿಯ, ಅಂದರೆ ರಾಜ್ಯ ತಂಡಗಳ ಏಕದಿನ ಟೂರ್ನಿಯ, ಮೊದಲ ಪಂದ್ಯ. ಜಾರ್ಖಂಡ್ 412 ರನ್ ಪೇರಿಸಿತು. ಇಶಾನ್ ಕಿಶನ್ 33 ಎಸೆತಗಳಲ್ಲಿ ಶತಕ ಮುಗಿಸಿದರು. ಅಷ್ಟು ರನ್ ಹೊಡೆಸಿಕೊಂಡ ತಂಡ ಇನಿಂಗ್ಸ್‌ಗಳ ನಡುವಿನ ವಿರಾಮದಲ್ಲಿಯೇ ಮನಸ್ಸಿನಲ್ಲಿ ಸೋತಿರುತ್ತದೆ. ನಮ್ಮವರು ಸೋಲಲಿಲ್ಲ. ದೇವದತ್ತ ಪಡಿಕ್ಕಲ್ 147 ಹೊಡೆದರು. 15 ಎಸೆತ ಬಾಕಿ ಇರುವಾಗಲೇ ಕರ್ನಾಟಕ ಐದು ವಿಕೆಟ್‌ಗೆ 413 ಮಾಡಿ ಗೆದ್ದಿತು.

ಅದೇ ದಿನ, ಅದೇ ಟೂರ್ನಿಯ ಇನ್ನೊಂದು ಪಂದ್ಯ ನಮ್ಮ ಬೆಂಗಳೂರಿನಲ್ಲಿ ಇತ್ತು. ಹದಿನೈದು ವರ್ಷಗಳ ನಂತರ ಕೊಹ್ಲಿ ಈ ಟೂರ್ನಿಗೆ ಬಂದಿದ್ದರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಬೇಕಿದ್ದ ಆ ಪಂದ್ಯಕ್ಕೆ ಹಿಂದಿನ ದಿನ ಅನುಮತಿ ಸಿಗಲಿಲ್ಲ. ಆಟ ದೇವನಹಳ್ಳಿಯ ಕಡೆಗಿರುವ ಭಾರತೀಯ ಕ್ರಿಕೆಟ್ ಮಂಡಳಿಯ ಮೈದಾನಕ್ಕೆ ಹೋಯಿತು. ಅವರು 131 ಹೊಡೆದರು. ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ.

ಎರಡು ದಿನಗಳಿಂದ ನನ್ನ ಪರಿಚಯದವರೆಲ್ಲರೂ ಮಾತನಾಡುತ್ತಿರುವುದು ಎರಡನೆಯ ಪಂದ್ಯದ ಬಗ್ಗೆ ಮಾತ್ರ. ಅನುಮತಿ ಕೊಡದೆ ಸರ್ಕಾರ ಮಾಡಿದ್ದು ಸರಿ ಎನ್ನುವವರು, ತಪ್ಪು ಎನ್ನುವವರು, ಅದರ ಮೇಲೆ ಕಾಂಗ್ರೆಸ್, ಬಿಜೆಪಿ ಎಂದು ಹಂಚಿಕೊಂಡು ಬೈದಾಡುವವರು. ನಮ್ಮ ಸ್ವಂತ ತಂಡ 413 ಬೆನ್ನಟ್ಟಿದ್ದನ್ನು ಹೇಳಿದರೆ, ‘ಹೌದೇ, ಯಾವಾಗ?’ ಎಂದು ಕೇಳಿದರು. ನನಗೆ ನಿಜಕ್ಕೂ ನೋವಾಯಿತು.

ನಾನು ರಣಜಿ ನೋಡುತ್ತ ಬೆಳೆದವನು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ವಿರುದ್ಧ ಫೈನಲ್ ನಡೆದಾಗ ಕೆಲಸಕ್ಕೆ ರಜೆ ಹಾಕಿ ಹೋಗಿದ್ದೆ. ಗುರಿ 338. ಮನೀಶ್ ಪಾಂಡೆ 144 ಹೊಡೆದರು. ಗೋಡೆಯ ಮೇಲೆ, ಮರದ ಮೇಲೆ, ಎಲ್ಲಿ ನೋಡಿದರೂ ಜನ. ಆರು ರನ್‌ಗಳಿಂದ ಸೋತೆವು. ಸೋತ ಮೇಲೂ ಯಾರೂ ಎದ್ದು ಹೋಗಲಿಲ್ಲ, ಕುಳಿತಲ್ಲಿಯೇ ಕುಳಿತಿದ್ದೆವು. ಅಷ್ಟು ಜನ ಸೇರಿದ್ದರೂ ಎಲ್ಲರೂ ಮನೆಗೆ ತಲುಪಿದರು.

ಈ ವರ್ಷ ಜೂನ್ 4ರಂದು ಆರ್‌ಸಿಬಿಯ ವಿಜಯೋತ್ಸವಕ್ಕೆ ಬಂದ ಹನ್ನೊಂದು ಮಂದಿ ಚಿನ್ನಸ್ವಾಮಿಯ ಹೊರಗಿನ ಕಾಲ್ತುಳಿತದಲ್ಲಿ ಸತ್ತರು, ಮನೆಗೆ ತಲುಪಲಿಲ್ಲ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್ ಅನ್ನು ಆರ್‌ಸಿಬಿ ಆರು ರನ್‌ಗಳಿಂದ ಗೆದ್ದಿತ್ತು. ಆರು ರನ್ ಎಂದಾಗ ನನಗೆ ಎರಡೂ ನೆನಪಾಗುತ್ತವೆ.

ನನ್ನ ಅಭಿಪ್ರಾಯ ಇಷ್ಟು. ಊರಿನ ತಂಡದ ಮೇಲೆ ನಮ್ಮ ನಾಯಕರಿಗೆ ಪ್ರೀತಿ ಇದ್ದರೆ ಅದು ಜನವರಿ 18ರಂದು ಕಾಣಬೇಕಿತ್ತು. ಅಂದು ವಡೋದರದಲ್ಲಿ ಕರ್ನಾಟಕ ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿ ಐದನೆಯ ಬಾರಿ ವಿಜಯ್ ಹಜಾರೆ ಗೆದ್ದಿತು. ಸ್ಮರಣ್ ಶತಕ ಹೊಡೆದರು. ಆ ತಂಡಕ್ಕಾಗಿ ವಿಧಾನಸೌಧದ ಮೆಟ್ಟಿಲ ಮೇಲೆ ಕುರ್ಚಿ ಹಾಕಿದ್ದನ್ನು ನಾನು ನೋಡಲಿಲ್ಲ. ಜೂನ್ 4ರಂದು ಮಾತ್ರ ಆರ್‌ಸಿಬಿಯನ್ನು ಸನ್ಮಾನಿಸಲು ರಾಜ್ಯಪಾಲರು, ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಮಂತ್ರಿಗಳು, ಅವರ ಮನೆಯವರು ಎಲ್ಲರೂ ಮೆಟ್ಟಿಲ ಮೇಲಿದ್ದರು. ಜನ ಎಲ್ಲಿ ನಿಲ್ಲುತ್ತಾರೆ ಎಂಬುದು ಯಾರ ತಲೆಯಲ್ಲಿಯೂ ಇರಲಿಲ್ಲ. ನಿಮಗೆಲ್ಲ ಏನನ್ನಿಸುತ್ತದೆ?

ಹದಿನೆಂಟರ ಜರ್ಸಿ, ಬೆಂಗಳೂರು
26 ಡಿಸೆಂಬರ್, ರಾತ್ರಿ 10.15

ಸರ್, ನನಗೆ 22 ವರ್ಷ. ನಿಮ್ಮ ಮಾತು ಓದಿ ಸ್ವಲ್ಪ ಬೇಸರವಾಯಿತು. ಆರ್‌ಸಿಬಿಯನ್ನು ಪ್ರೀತಿಸಿದ್ದು ತಪ್ಪು ಎನ್ನುವಂತೆ ಬರೆದಿದ್ದೀರಿ. ಆ ತಂಡ ಆಡಲು ಶುರು ಮಾಡಿದಾಗ ನನಗೆ ನಾಲ್ಕು ವರ್ಷ. 2009, 2011, 2016, ಮೂರು ಫೈನಲ್ ಸೋತಿತು. 2017ರ ಏಪ್ರಿಲಿನಲ್ಲಿ ಕೋಲ್ಕತ್ತದ ಎದುರು 49ಕ್ಕೆ ಆಲ್ ಔಟ್ ಆದಾಗ ಶಾಲೆಯಲ್ಲಿ ನನ್ನನ್ನು ಒಂದು ವಾರ ಆಡಿಕೊಂಡರು. ಆದರೂ ಬಿಡಲಿಲ್ಲ. ಆ ತಂಡದ ಹನ್ನೊಂದು ಜನರಲ್ಲಿ ಕನ್ನಡಿಗರು ಎಷ್ಟು ಎಂದು ಲೆಕ್ಕ ಹಾಕಿ ಪ್ರೀತಿಸಿದವನಲ್ಲ ನಾನು. ನನ್ನ ಊರಿನ ಹೆಸರು ಅವರ ಎದೆಯ ಮೇಲಿತ್ತು, ಅಷ್ಟು ಸಾಕಾಗಿತ್ತು.

ಜೂನ್ 4ರಂದು ನಾನೂ ಹೊರಟಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಮೆರವಣಿಗೆಯ ಸುದ್ದಿ ಬಂದಿತ್ತು. ಮೆರವಣಿಗೆ ಇಲ್ಲ ಎಂದು ಒಬ್ಬರು, ಇದೆ ಎಂದು ಇನ್ನೊಬ್ಬರು. ಪಾಸ್ ಬೇಕು ಎಂದೂ ಬಂತು, ಉಚಿತ ಎಂದೂ ಬಂತು. ಎಂ.ಜಿ. ರಸ್ತೆಯಲ್ಲಿ ಇಳಿದು ನಡೆದೆ. ಅನಿಲ್ ಕುಂಬ್ಳೆ ವೃತ್ತದ ಹತ್ತಿರ ಬರುವಷ್ಟರಲ್ಲಿ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ, ಜನರೇ ನನ್ನನ್ನು ಒಯ್ಯುತ್ತಿದ್ದರು. ಹೆದರಿಕೆಯಾಗಿ ಅಡ್ಡರಸ್ತೆಗೆ ನುಗ್ಗಿ ಹಿಂದೆ ಬಂದೆ. ಅಮ್ಮನಿಗೆ ಇವತ್ತಿಗೂ ಅದನ್ನು ಹೇಳಿಲ್ಲ.

ನಾವು ಅಂದು ಯಾವ ಪಕ್ಷಕ್ಕೂ ಜೈ ಎನ್ನಲು ಹೋಗಿರಲಿಲ್ಲ. ಸತ್ತವರೂ ಹೋಗಿರಲಿಲ್ಲ. ಮರುದಿನದಿಂದ ಎಲ್ಲ ಪಕ್ಷದವರೂ ನಮ್ಮ ಬಗ್ಗೆ ಮಾತನಾಡಿದರು. ‘ಹುಚ್ಚು ಅಭಿಮಾನಿಗಳು’ ಎಂದವರೂ ಇದ್ದರು. ಶಾಲೆಗೆ ಹೋಗುವ ಹುಡುಗಿ ಒಬ್ಬಳು ಸತ್ತವರಲ್ಲಿ ಇದ್ದಳು. ಅವಳು ಹುಚ್ಚು ಅಭಿಮಾನಿಯೇ?

ಕರ್ನಾಟಕ ತಂಡವನ್ನು ನಾವು ನೋಡುವುದಿಲ್ಲ ಎನ್ನುತ್ತೀರಿ. ಎಲ್ಲಿ ಆಡುತ್ತಾರೆ, ಒಳಗೆ ಬಿಡುತ್ತಾರೆಯೇ, ಟಿಕೆಟ್ ಬೇಕೇ ಎಂಬುದನ್ನು ನಮಗೆ ಯಾರು ಹೇಳಿದ್ದಾರೆ, ಸರ್?

ರಾಜನಗರದ ಗ್ಯಾಲರಿ, ಹುಬ್ಬಳ್ಳಿ
27 ಡಿಸೆಂಬರ್, ಬೆಳಿಗ್ಗೆ 7.30

ತಮ್ಮಾ, ನಾನು ಹೇಳುತ್ತೇನೆ. ನವೆಂಬರಿನಲ್ಲಿ ನಮ್ಮ ಹುಬ್ಬಳ್ಳಿಯ ರಾಜನಗರ ಮೈದಾನದಲ್ಲಿ ಚಂಡೀಗಢದ ಎದುರು ರಣಜಿ ಪಂದ್ಯ ನಡೆಯಿತು. ಸ್ಮರಣ್ 227 ಹೊಡೆದು ಔಟಾಗದೆ ಉಳಿದರು. ಚುರುಮುರಿ ಪೊಟ್ಟಣ ಹಿಡಿದು ಹೋಗಿ ಕುಳಿತೆ. ಅದಕ್ಕಿಂತ ಮುಂಚೆ ಶಿವಮೊಗ್ಗದ ನವುಲೆಯಲ್ಲಿ ಗೋವಾ ಎದುರು ಕರುಣ್ ನಾಯರ್ 174 ಹೊಡೆದಿದ್ದರು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಮನುಷ್ಯ, ಎರಡು ವರ್ಷ ವಿದರ್ಭಕ್ಕೆ ಆಡಿ ಅಲ್ಲಿ ರಣಜಿ ಟ್ರೋಫಿಯನ್ನೂ ಗೆದ್ದು ಮನೆಗೆ ಮರಳಿದವರು, ಶಿವಮೊಗ್ಗದಲ್ಲಿ ಆಡುತ್ತಿದ್ದಾರೆ. ಅದು ದೊಡ್ಡ ಸುದ್ದಿಯೇ ಆಗಲಿಲ್ಲ.

ಆದರೆ ರಣಜಿ ಬೆಳಗು ಅವರಿಗೆ ಒಂದು ಮಾತು. ನೀವು ‘ಊರಿನ ತಂಡ’ ಎನ್ನುವಾಗ ಊರು ಎಂದರೆ ಬೆಂಗಳೂರು ಎಂದೇ ಇಟ್ಟುಕೊಂಡಿದ್ದೀರಿ. ರಾಜಕೀಯದವರೂ ಹಾಗೆಯೇ ಇಟ್ಟುಕೊಂಡಿದ್ದಾರೆ. ಜೂನ್ ದುರಂತ ಆದ ಮೇಲೆ ಪರಿಹಾರ ಎಂದು ಬಂದದ್ದು ಏನು? ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಜನ ಹಿಡಿಸುವ ಕ್ರೀಡಾಂಗಣ. ಮತ್ತೆ ಬೆಂಗಳೂರಿಗೇ. ಆ ಹಣದ ಒಂದು ಪಾಲಿನಲ್ಲಿ ಹುಬ್ಬಳ್ಳಿ, ಶಿವಮೊಗ್ಗ, ಬೆಳಗಾವಿ, ಮೈಸೂರು ಮೈದಾನಗಳಿಗೆ ನೆರಳು, ಶೌಚಾಲಯ, ಕುರ್ಚಿ ಹಾಕಿಸಬಹುದು. ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯನ್ನು ಈ ಆಗಸ್ಟ್‌ನಲ್ಲಿ ಮೈಸೂರಿಗೆ ಒಯ್ದರು, ಒಳ್ಳೆಯದಾಯಿತು ಎಂದುಕೊಂಡೆವು. ಅಲ್ಲಿಯೂ ಪ್ರೇಕ್ಷಕರನ್ನು ಬಿಡಲಿಲ್ಲ. ಒಂದು ಊರಿನ ಗೇಟಿನಲ್ಲಿ ಆದದ್ದಕ್ಕೆ ಇನ್ನೊಂದು ಊರಿನ ಗ್ಯಾಲರಿ ಖಾಲಿ ಇರಬೇಕಾಯಿತು.

ವಿಜಯನಗರದಿಂದ, ಗದಗದಿಂದ ಹುಡುಗರು ಬರುತ್ತಾರೆ, ಅಕಾಡೆಮಿಗೆ ಸೇರಲು ಬೆಂಗಳೂರಿನಲ್ಲಿ ಕೋಣೆ ಮಾಡಬೇಕು. ಬಾಡಿಗೆ ಕಟ್ಟಲಾಗದವರು ಅಲ್ಲಿಗೇ ಆಟ ಬಿಡುತ್ತಾರೆ. ಇದು ಪಕ್ಷದ ಪ್ರಶ್ನೆ ಅಲ್ಲ. ಮೂರೂ ಪಕ್ಷಗಳು ಈ ರಾಜ್ಯವನ್ನು ಆಳಿವೆ.

ಬಂದೋಬಸ್ತ್ ನಿವೃತ್ತ, ತುಮಕೂರು
27 ಡಿಸೆಂಬರ್, ಮಧ್ಯಾಹ್ನ 1.05

ನಾನು ಪೊಲೀಸ್ ಇಲಾಖೆಯಲ್ಲಿ ಮುಖ್ಯ ಪೇದೆಯಾಗಿ ನಿವೃತ್ತನಾದವನು. ಬೆಂಗಳೂರಿನಲ್ಲಿ ಇರುವಷ್ಟು ವರ್ಷ ಕ್ರಿಕೆಟ್ ಬಂದೋಬಸ್ತ್ ಮಾಡಿದ್ದೇನೆ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿಯ ಹೊರಗೆ ಬಾಂಬ್ ಸಿಡಿದ ದಿನವೂ ಕೆಲಸದಲ್ಲಿದ್ದೆ. ಒಂದು ಗಂಟೆ ತಡವಾಗಿ ಆಟ ಶುರುವಾಯಿತು. ಆ ರಾತ್ರಿ ಒಳಗಿದ್ದ ಜನರನ್ನು ಸುರಕ್ಷಿತವಾಗಿ ಹೊರಗೆ ಕಳಿಸಿದೆವು. ಆದ್ದರಿಂದ ಈ ವಿಷಯ ನನಗೆ ಗೊತ್ತು ಎಂದೇ ಮಾತನಾಡುತ್ತೇನೆ.

ಬಂದೋಬಸ್ತ್ ಎಂದರೆ ಲಾಠಿ ಅಲ್ಲ, ಲೆಕ್ಕ. ಟಿಕೆಟ್ ಎಷ್ಟು, ಯಾವ ಗೇಟಿಗೆ ಎಷ್ಟು, ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ತುಂಬಿದ ಮೇಲೆ ಉಳಿದವರನ್ನು ಎಲ್ಲಿಂದಲೇ ತಿರುಗಿಸಬೇಕು, ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು, ಈ ಐದಕ್ಕೆ ಉತ್ತರ ಇದ್ದರೆ ಅರ್ಧ ಕೆಲಸ ಮುಗಿಯಿತು. ಪಂದ್ಯದ ದಿನ ಜನರನ್ನು ನಾವು ಗೇಟಿನಲ್ಲಿ ತಡೆಯುವುದಿಲ್ಲ. ಅದಕ್ಕೂ ಬಹಳ ಮುಂಚೆ, ರಸ್ತೆಯ ತಿರುವಿನಲ್ಲಿಯೇ ಟಿಕೆಟ್ ನೋಡುತ್ತೇವೆ. ಟಿಕೆಟ್ ಇಲ್ಲದವನು ಗೇಟಿನವರೆಗೆ ಬಂದರೆ ಅವನನ್ನು ಹಿಂದಕ್ಕೆ ಕಳಿಸಲು ಜಾಗವೇ ಇರುವುದಿಲ್ಲ, ಏಕೆಂದರೆ ಅವನ ಹಿಂದೆ ಸಾವಿರ ಜನ ನಿಂತಿರುತ್ತಾರೆ. ‘ಉಚಿತ ಪ್ರವೇಶ’ ಎಂದರೆ ಈ ಲೆಕ್ಕ ಪೂರ್ತಿ ಅಳಿಸಿಹೋಗುತ್ತದೆ. 35,000 ಜನ ಹಿಡಿಸುವ ಜಾಗಕ್ಕೆ ಎರಡು ಮೂರು ಲಕ್ಷ ಜನ ಬಂದರು ಎಂದು ಮುಖ್ಯಮಂತ್ರಿಗಳೇ ಅಂದು ಸಂಜೆ ಹೇಳಿದರು.

ಜೂನ್ 3ರ ರಾತ್ರಿ ಇಡೀ ಊರು ರಸ್ತೆಯಲ್ಲಿತ್ತು. ನನ್ನ ಜೊತೆ ಕೆಲಸ ಮಾಡಿದ ಹುಡುಗರು ಬೆಳಗಿನ ಜಾವದವರೆಗೆ ಕಾಲಮೇಲೆ ನಿಂತಿದ್ದರು. ಅವರನ್ನೇ ಮತ್ತೆ ಕರೆದು, ಒಂದು ತುಕಡಿ ವಿಧಾನಸೌಧಕ್ಕೆ, ಒಂದು ತುಕಡಿ ಕ್ರೀಡಾಂಗಣಕ್ಕೆ. ಒಂದೇ ಮಧ್ಯಾಹ್ನ, ಕೂಗಳತೆಯ ದೂರದಲ್ಲಿ ಎರಡು ಕಾರ್ಯಕ್ರಮ. ಮರುದಿನ ರಾತ್ರಿ ಅಮಾನತು ಆದೇಶ ಬಂದದ್ದು ಆಯುಕ್ತ ದಯಾನಂದ ಅವರೂ ಸೇರಿ ಪೊಲೀಸರಿಗೆ. ಹನ್ನೆರಡು ಗಂಟೆಗಳಲ್ಲಿ ಎಲ್ಲ ವ್ಯವಸ್ಥೆಯನ್ನೂ ಪೊಲೀಸರಿಂದ ನಿರೀಕ್ಷಿಸಲಾಗದು, ಅವರು ದೇವರೂ ಅಲ್ಲ, ಮಾಂತ್ರಿಕರೂ ಅಲ್ಲ ಎಂದು ಜುಲೈ 1ರಂದು ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ ಹೇಳಿತು. ಅದನ್ನು ಓದಿದ ದಿನ ನಾನು ಅತ್ತೆ.

ಪೊಲೀಸರದ್ದು ಏನೂ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ‘ಆಗುವುದಿಲ್ಲ’ ಎಂದು ಹೇಳಬೇಕಾದ ಮಾತನ್ನು ಮೇಲಿನವರು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ಮೆಟ್ಟಿಲ ಮೇಲೆ ಹಾರ ಹಿಡಿದು ನಿಂತವರು ಕೆಳಗಿನವರ ‘ಆಗುವುದಿಲ್ಲ’ವನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇದ್ದರೇ? ಅದನ್ನೂ ಕೇಳಿಕೊಳ್ಳಬೇಕು.

ಆಟ ಮಾತ್ರ, ದಾವಣಗೆರೆ
27 ಡಿಸೆಂಬರ್, ಮಧ್ಯಾಹ್ನ 3.20

ಎಲ್ಲರಿಗೂ ಕೈಮುಗಿದು ಕೇಳುತ್ತೇನೆ, ಆಟದಲ್ಲಿ ರಾಜಕೀಯ ತರಬೇಡಿ. ನೆಮ್ಮದಿಗಾಗಿ ಆಟ ನೋಡುತ್ತೇವೆ. ಪಡಿಕ್ಕಲ್ 147ರ ಬಗ್ಗೆ ಮಾತನಾಡೋಣ.

ರಣಜಿ ಬೆಳಗು
27 ಡಿಸೆಂಬರ್, ಸಂಜೆ 6.00

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮೈದಾನದ ಜಾಗ, ಪಂದ್ಯದ ಅನುಮತಿ, ಪೊಲೀಸರು, ಮೆಟ್ರೊ, ವಿದ್ಯುತ್ತು, ಎಲ್ಲವೂ ಸರ್ಕಾರದ ಕೈಯಲ್ಲಿವೆ. ನಾವು ರಾಜಕೀಯ ಮಾತನಾಡದಿದ್ದರೆ ಅದು ಆಟದಿಂದ ಹೋಗುವುದಿಲ್ಲ. ನಮ್ಮ ಬಾಯಿಂದ ಮಾತ್ರ ಹೋಗುತ್ತದೆ.

ಹುಬ್ಬಳ್ಳಿಯವರ ಮಾತನ್ನು ಒಪ್ಪಿದೆ. ನಾನು ಬೆಂಗಳೂರನ್ನೇ ಊರು ಎಂದುಕೊಂಡು ಬರೆದೆ, ತಪ್ಪಾಯಿತು. 1974ರಲ್ಲಿ ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಮಣಿಸಿ ಪ್ರಸನ್ನ ಅವರ ನಾಯಕತ್ವದ ನಮ್ಮ ತಂಡ ಮೊದಲ ರಣಜಿ ತಂದಾಗ, ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಆ ಗೆಲುವು ಇಡೀ ರಾಜ್ಯದ್ದು ಎಂದು ನಮ್ಮ ತಂದೆ ಹೇಳುತ್ತಿದ್ದರು.

ಹದಿನೆಂಟರ ಜರ್ಸಿ ಅವರೇ, ನಿಮ್ಮ ಪ್ರೀತಿಯನ್ನು ಕಡಿಮೆ ಎಂದು ನಾನು ಹೇಳಲಿಲ್ಲ. ಹಾಗೆ ಕೇಳಿಸಿದ್ದರೆ ಕ್ಷಮಿಸಿ.

ಎರಡು ಜಡೆಯ ತಾಯಿ, ಬೆಂಗಳೂರು
27 ಡಿಸೆಂಬರ್, ರಾತ್ರಿ 8.45

ನನ್ನ ಮಗಳು ಸ್ಮೃತಿ ಮಂದಾನ ಅವರ ಅಭಿಮಾನಿ. 2024ರ ಮಾರ್ಚ್‌ನಲ್ಲಿ ಆರ್‌ಸಿಬಿಯ ಹೆಣ್ಣುಮಕ್ಕಳು ದೆಹಲಿಯಲ್ಲಿ ಕಪ್ ಗೆದ್ದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಮೊದಲ ಕಪ್ ತಂದವರು ಅವರು, ಅದನ್ನು ಎಲ್ಲರೂ ಮರೆತಂತೆ ಮಾತನಾಡುತ್ತೀರಿ.

ಈ ವರ್ಷ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿಗೆ ಬರಬೇಕಿತ್ತು. ಜೂನ್ ನಂತರ ಅವು ನವಿ ಮುಂಬೈಗೆ ಹೋದವು. ನವೆಂಬರ್ 2ರಂದು ಅಲ್ಲಿಯೇ ಭಾರತ ಮೊದಲ ಬಾರಿ ವಿಶ್ವಕಪ್ ಎತ್ತಿತು. ಮಗಳಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಟಿವಿಯ ಮುಂದೆ ಕೂತು ಇಬ್ಬರೂ ನೋಡಿದೆವು. ಅವಳು ಗೆದ್ದ ಖುಷಿಗೆ ಅತ್ತಳು, ನಾನು ಬೇರೆ ಕಾರಣಕ್ಕೆ.

ನನಗೆ ಪ್ರಶ್ನೆ ಕೇಳಲು ಯಾರಿದ್ದಾರೆ ಹೇಳಿ. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಚುನಾವಣೆಯೇ ಇಲ್ಲ. ಬಿಜೆಪಿ ಸರ್ಕಾರ ಇದ್ದಾಗಲೂ ಮಾಡಲಿಲ್ಲ, ಕಾಂಗ್ರೆಸ್ ಬಂದ ಮೇಲೂ ಮಾಡಲಿಲ್ಲ. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಎಂದು ಐದು ಪಾಲಿಕೆ ಮಾಡಿದ್ದಾರೆ, ಐದರಲ್ಲಿ ಒಬ್ಬ ಸದಸ್ಯನೂ ಇಲ್ಲ. ಕ್ರೀಡಾಂಗಣದ ಸುತ್ತ ಪಾದಚಾರಿ ಮಾರ್ಗ ಸರಿ ಇದೆಯೇ, ಮೋರಿಯ ಮೇಲಿನ ಕಲ್ಲು ಗಟ್ಟಿಯಾಗಿದೆಯೇ, ದೀಪ ಉರಿಯುತ್ತಿದೆಯೇ ಎಂದು ವಾರ್ಡಿನ ಸದಸ್ಯನನ್ನು ಕೇಳುತ್ತಿದ್ದೆವು. ಈಗ ಕೇಳಬೇಕಾದರೆ ನೇರವಾಗಿ ಮಂತ್ರಿಯನ್ನೇ ಕೇಳಬೇಕು.

ಹೆಣ್ಣುಮಕ್ಕಳನ್ನು ಕರೆದುಕೊಂಡು ಮೈದಾನಕ್ಕೆ ಹೋಗುವವರಿಗೆ ಗೊತ್ತು, ಶೌಚಾಲಯಕ್ಕೆ ಎಷ್ಟು ಹೊತ್ತು ನಿಲ್ಲಬೇಕು, ಮಕ್ಕಳ ಕೈ ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂದು. ಕ್ರೀಡಾಂಗಣ ಕಟ್ಟುವ ಸಮಿತಿಗಳಲ್ಲಿ ಹೀಗೆ ಮಕ್ಕಳ ಕೈ ಹಿಡಿದು ಹೋದವರು ಒಬ್ಬರಾದರೂ ಇರಲಿ.

ಕಂಠೀರವದ ಪಶ್ಚಿಮ, ಬೆಂಗಳೂರು
28 ಡಿಸೆಂಬರ್, ಬೆಳಿಗ್ಗೆ 11.10

ಕ್ರಿಕೆಟ್ ಬಿಟ್ಟು ಬೇರೆ ತಂಡವೂ ಈ ಊರಿಗಿದೆ ಎಂದು ನೆನಪಿಸಲು ಬಂದೆ. ಬೆಂಗಳೂರು ಎಫ್‌ಸಿ. ಫುಟ್‌ಬಾಲ್ ತಂಡ. 2013ರಲ್ಲಿ ಹುಟ್ಟಿತು, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ನಮ್ಮ ನಾಯಕ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದ ಆ ರಾತ್ರಿ ನನ್ನ ಗಂಟಲು ಒಡೆದು ಮೂರು ದಿನ ಮಾತು ಬರಲಿಲ್ಲ. ಫೈನಲ್‌ನಲ್ಲಿ ದೋಹಾದಲ್ಲಿ ಇರಾಕಿನ ತಂಡದ ಎದುರು ಒಂದು ಗೋಲಿನಿಂದ ಸೋತೆವು.

ಈಗ ನೋಡಿ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ ನಾವು ಈಗ ಆಡುವ ಐಎಸ್‌ಎಲ್ ಲೀಗ್ ನಡೆಸುವ ಕಂಪನಿಗೂ ಹದಿನೈದು ವರ್ಷದ ಒಪ್ಪಂದ ಇತ್ತು. ಅದು ಈ ಡಿಸೆಂಬರ್ 8ಕ್ಕೆ ಮುಗಿಯುತ್ತದೆ ಎಂದು ಎಲ್ಲರಿಗೂ ವರ್ಷಗಳಿಂದ ಗೊತ್ತಿತ್ತು. ಆದರೂ ಮುಂದೇನು ಎಂದು ಯಾರೂ ನಿರ್ಧರಿಸಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಆಟಗಾರರ, ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿತು. ನವೆಂಬರಿನಲ್ಲಿ ಹೊಸ ಟೆಂಡರಿಗೆ ಒಬ್ಬರೂ ಬಿಡ್ ಹಾಕಲಿಲ್ಲ. ಡಿಸೆಂಬರ್ ಮುಗಿಯುತ್ತ ಬಂತು, ಲೀಗ್ ಇನ್ನೂ ಶುರುವಾಗಿಲ್ಲ.

ಇದೇ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ಒಕ್ಕೂಟಗಳ ಕಾರ್ಯಕಾರಿ ಸಮಿತಿಯಲ್ಲಿ ಆಟಗಾರರಿಗೆ ಜಾಗ ಕೊಟ್ಟಿದೆ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಟಿಕೆಟ್ ಕೊಳ್ಳುವವನಿಗೆ, ಮಳೆಯಲ್ಲಿ ಡೋಲು ಬಾರಿಸುವವನಿಗೆ ಎಲ್ಲಿಯೂ ಒಂದು ಕುರ್ಚಿ ಇಲ್ಲ. ಲೀಗ್ ನಿಂತುಹೋದರೆ ನಾವು ಯಾವ ಕಚೇರಿಯ ಬಾಗಿಲು ತಟ್ಟಬೇಕು? ಬೆಂಗಳೂರಿನಲ್ಲಿ ಕಾಂಗ್ರೆಸ್ ಸರ್ಕಾರದ ಮೇಲೆ ಕೋಪ ಮಾಡಿಕೊಂಡವರು ದೆಹಲಿಯ ಕಡೆಗೂ ಒಮ್ಮೆ ನೋಡಿ. ಎರಡೂ ಕಡೆ ಅಭಿಮಾನಿಯನ್ನು ಒಂದೇ ರೀತಿ ಕಾಣುತ್ತಾರೆ.

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕಂಠೀರವ ಅಥ್ಲೀಟುಗಳ ಮೈದಾನ. ನಮ್ಮ ಪಂದ್ಯಗಳಿಂದ ಅಭ್ಯಾಸಕ್ಕೆ ತೊಂದರೆಯಾಗುತ್ತದೆ ಎಂದು ಅವರು ನ್ಯಾಯಾಲಯಕ್ಕೂ ಹೋಗಿದ್ದರು. ಅವರ ಸಿಟ್ಟು ನ್ಯಾಯವಾದದ್ದು. ಫುಟ್‌ಬಾಲಿಗೆಂದೇ ಒಂದು ಒಳ್ಳೆಯ ಮೈದಾನ ಈ ಊರಿನಲ್ಲಿ ಇದ್ದಿದ್ದರೆ ಓಡುವವರೂ ಒದೆಯುವವರೂ ಜಗಳವಾಡುವ ಪ್ರಮೇಯವೇ ಬರುತ್ತಿರಲಿಲ್ಲ.

ನಾಪೋಕ್ಲು ಸ್ಟಿಕ್, ಕೊಡಗು
28 ಡಿಸೆಂಬರ್, ಸಂಜೆ 4.50

ನಮ್ಮಲ್ಲಿ ಊರಿನ ತಂಡ ಎಂದರೆ ಮನೆತನದ ತಂಡ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದರು. ಪ್ರತಿ ವರ್ಷ ಒಂದು ಕುಟುಂಬ ಜವಾಬ್ದಾರಿ ಹೊತ್ತು ನಡೆಸುತ್ತದೆ. ಕಳೆದ ವರ್ಷ ನಮ್ಮ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ತಂಡಗಳು ಆಡಿದವು, ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಮೊಮ್ಮಗಳು, ಸೊಸೆ, ಎಲ್ಲರೂ ಒಂದೇ ತಂಡದಲ್ಲಿ ಇರಬಹುದು.

ಇದಕ್ಕೂ ಸರ್ಕಾರದ ಅನುದಾನ ಬರುತ್ತದೆ. ಶಾಸಕರು, ಮಂತ್ರಿಗಳು ಉದ್ಘಾಟನೆಗೆ ಬರುತ್ತಾರೆ, ಭಾಷಣ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ವ್ಯತ್ಯಾಸ ಎಲ್ಲಿದೆ ಎಂದರೆ, ಬಂದ ಜನರಿಗೆ ಏನಾದರೂ ಆದರೆ ಆ ವರ್ಷ ನಡೆಸಿದ ಕುಟುಂಬ ಜೀವಮಾನವಿಡೀ ತಲೆ ಎತ್ತಿ ನಡೆಯಲಾಗುವುದಿಲ್ಲ. ಆದ್ದರಿಂದ ಒಂದು ವರ್ಷ ಮುಂಚೆಯೇ ಗ್ಯಾಲರಿಯ ಹಲಗೆಯನ್ನು ಹತ್ತಿ ನೋಡುತ್ತಾರೆ, ಬಿಸಿಲು ಯಾವ ಕಡೆ ಬರುತ್ತದೆ ಎಂದು ನೋಡುತ್ತಾರೆ. ಬಂದವರು ಅವರ ಪಾಲಿಗೆ ನೆಂಟರು. ಜೂನ್ 4ರಂದು ಬೆಂಗಳೂರಿಗೆ ಬಂದ ಜನ ಯಾರ ನೆಂಟರಾಗಿದ್ದರು? ತಂಡದವರು, ರಾಜ್ಯ ಕ್ರಿಕೆಟ್ ಸಂಸ್ಥೆ, ಸರ್ಕಾರ, ಎಲ್ಲರೂ ಇನ್ನೊಬ್ಬರ ಕಡೆಗೆ ಕೈ ತೋರಿಸಿದರು.

ರಣಜಿ ಬೆಳಗು
28 ಡಿಸೆಂಬರ್, ರಾತ್ರಿ 9.15

ಕೊಡಗಿನವರು ಹೇಳಿದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಮೂರು ದಿನದಿಂದ ಹೇಳಲು ಒದ್ದಾಡುತ್ತಿದ್ದುದು ಅದನ್ನೇ.

ಜನಸಂದಣಿ ನಿಯಂತ್ರಣ ಮಸೂದೆಯನ್ನು ಸರ್ಕಾರ ಆಗಸ್ಟ್‌ನಲ್ಲಿ ವಿಧಾನಸಭೆಯಲ್ಲಿ ಮಂಡಿಸಿತು. ಅದು ಸದನ ಸಮಿತಿಗೆ ಹೋಗಿದೆ. ಸೇರುವ ಜನರ ಸಂಖ್ಯೆಗೆ ತಕ್ಕಂತೆ ಬೇರೆ ಬೇರೆ ಹಂತದ ಪೊಲೀಸ್ ಅಧಿಕಾರಿಗಳಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು, ತಪ್ಪಿದರೆ ಆಯೋಜಕರಿಗೆ ದಂಡ, ಜೈಲು. ಮಸೂದೆ ಬೇಕು ಎಂದೇ ನನ್ನ ಅಭಿಪ್ರಾಯ. ವಿರೋಧ ಪಕ್ಷದವರು ಅದನ್ನು ಬರಿ ಕಣ್ಣೊರೆಸುವ ತಂತ್ರ ಎಂದರೂ ನಾನು ಹಾಗೆ ಹೇಳುವುದಿಲ್ಲ. ಆದರೆ ನನ್ನ ಪ್ರಶ್ನೆ ಒಂದೇ. ಆಯೋಜಕ ಸರ್ಕಾರವೇ ಆದಾಗ ಅರ್ಜಿಗೆ ಯಾರು ಸಹಿ ಹಾಕುತ್ತಾರೆ? ಜೂನ್ 4ರ ಮೆಟ್ಟಿಲ ಕಾರ್ಯಕ್ರಮ ಸರ್ಕಾರದ್ದೇ. ಅಂಥ ದಿನ ‘ಇವತ್ತು ಬೇಡ, ಭಾನುವಾರ ಮಾಡೋಣ’ ಎಂದು ಒಬ್ಬ ಇನ್‌ಸ್ಪೆಕ್ಟರ್ ಬರೆದುಕೊಟ್ಟರೆ ಮಂತ್ರಿ ಅದಕ್ಕೆ ತಲೆಬಾಗಬೇಕು ಎಂಬ ಸಾಲು ಆ ಕಾನೂನಿನಲ್ಲಿ ಇರಬೇಕು. ಸದನ ಸಮಿತಿಗೆ ನಾನು ಪತ್ರ ಬರೆಯುತ್ತಿದ್ದೇನೆ. ಮುಖ್ಯ ಪೇದೆಯವರೇ, ನೀವು ಹೇಳಿದ ಐದು ಲೆಕ್ಕಗಳನ್ನು ಅದರಲ್ಲಿ ಸೇರಿಸಲೇ?

ಚಿನ್ನಸ್ವಾಮಿಯ ವಿಷಯ. ಅಲ್ಲಿ ಮಳೆನೀರನ್ನು ಹೀರುವ ವ್ಯವಸ್ಥೆ ಇದೆ, 2017ರಲ್ಲಿ ಹಾಕಿಸಿದ್ದು. ಎಂಥ ಮಳೆ ಬಂದರೂ ನಿಮಿಷಗಳಲ್ಲಿ ಹುಲ್ಲು ಆಟಕ್ಕೆ ಸಿದ್ಧ. ನಾನು ಅದನ್ನು ಎಷ್ಟೋ ಜನರಿಗೆ ಹೆಮ್ಮೆಯಿಂದ ಹೇಳಿದ್ದೇನೆ. ನೀರು ಹೊರಹೋಗಲು ಅಷ್ಟು ಯೋಚಿಸಿದ ಜಾಗದಲ್ಲಿ ಜನ ಒಳಬಂದು ಹೊರಹೋಗುವುದನ್ನು ಯೋಚಿಸಿರಲಿಲ್ಲ. ಅಷ್ಟು ದೊಡ್ಡ ಸಂದಣಿಗೆ ಅದು ಯೋಗ್ಯವಲ್ಲ ಎಂದು ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರ ಆಯೋಗ ಹೇಳಿದ ಮೇಲೆ, ಈ ತಿಂಗಳು ಅನುಮತಿ ಕೊಡದಿದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಹಿಂದಿನ ದಿನದವರೆಗೆ ಎಳೆದದ್ದು ತಪ್ಪು. ಏನನ್ನು ಸರಿಪಡಿಸಿದರೆ ಎಷ್ಟು ಜನರನ್ನು ಬಿಡುತ್ತೇವೆ ಎಂದು ಊರಿಗೆ ಹೇಳದಿರುವುದು ಇನ್ನೂ ದೊಡ್ಡ ತಪ್ಪು. ಮೊದಲು ಎರಡು ಸ್ಟ್ಯಾಂಡ್ ತೆರೆದು ಒಂದು ರಣಜಿ ಪಂದ್ಯ ನಡೆಸಲಿ. ನಾಲ್ಕು ದಿನ ಜನ ಬಂದು ಹೋಗುವುದನ್ನು ನೋಡಲಿ. ಆಮೇಲೆ ಮೂರನೆಯ ಸ್ಟ್ಯಾಂಡ್.

ಡಿಸೆಂಬರ್ 7ರ ಚುನಾವಣೆಯಲ್ಲಿ ಮಾಜಿ ವೇಗಿ ವೆಂಕಟೇಶ್ ಪ್ರಸಾದ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದಾರೆ. 1996ರ ಮಾರ್ಚ್ 9ರಂದು ಚಿನ್ನಸ್ವಾಮಿಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಪಾಕಿಸ್ತಾನದ ಅಮೀರ್ ಸೊಹೈಲ್ ಅವರ ಸ್ಟಂಪ್ ಹಾರಿಸಿದಾಗ ಆ ಗ್ಯಾಲರಿ ಕೂಗಿದ ಕೂಗು ಅವರ ಕಿವಿಯಲ್ಲಿ ಇನ್ನೂ ಇರುತ್ತದೆ ಎಂದು ನಂಬುತ್ತೇನೆ. ಆ ಕೂಗಿದವರಲ್ಲಿ ಸಂಸ್ಥೆಯ ಸದಸ್ಯತ್ವ ಇದ್ದವರು ಎಷ್ಟು ಮಂದಿ? ಮತ ಹಾಕುವವರು ಸದಸ್ಯರು ಮಾತ್ರ. ಟಿಕೆಟ್ ಕೊಳ್ಳುವವರಿಂದ ಇಬ್ಬರನ್ನು ಆರಿಸಿ ಗೇಟು, ಶೌಚಾಲಯ, ಟಿಕೆಟ್ ನೋಡಿಕೊಳ್ಳುವ ಒಂದು ಸಮಿತಿ ಮಾಡಲಿ. ಒಬ್ಬರು ಹೆಣ್ಣುಮಗಳಾಗಿರಲಿ, ಒಬ್ಬರು ಬೆಂಗಳೂರಿನ ಹೊರಗಿನವರಾಗಿರಲಿ. ಇದಕ್ಕೆ ಕಾನೂನೂ ಬೇಡ, ಮಂತ್ರಿಯೂ ಬೇಡ.

ಬಂದೋಬಸ್ತ್ ನಿವೃತ್ತ
28 ಡಿಸೆಂಬರ್, ರಾತ್ರಿ 9.50

ಸೇರಿಸಿ. ಆರನೆಯದನ್ನೂ ಬರೆಯಿರಿ: ಸಾರ್ವಜನಿಕರಿಗೆ ಸುದ್ದಿ ಕೊಡುವ ಬಾಯಿ ಒಂದೇ ಇರಬೇಕು. ಆ ಹುಡುಗ ಹೇಳಿದನಲ್ಲ, ಇದೆ ಎಂದು ಒಬ್ಬರು, ಇಲ್ಲ ಎಂದು ಒಬ್ಬರು. ಜನ ಎರಡನ್ನೂ ಕೇಳಿ ‘ಹೋಗಿಯೇ ನೋಡೋಣ’ ಎಂದು ಹೊರಟುಬಿಡುತ್ತಾರೆ.

ಮಗು, ನೀನು ಅಡ್ಡರಸ್ತೆಗೆ ತಿರುಗಿದ್ದು ಒಳ್ಳೆಯದಾಯಿತು. ಅಮ್ಮನಿಗೆ ಹೇಳು. ಬೈದರೆ ಬೈಸಿಕೋ.

ಹದಿನೆಂಟರ ಜರ್ಸಿ
28 ಡಿಸೆಂಬರ್, ರಾತ್ರಿ 11.30

ಹೇಳಿದೆ, ತಾತ. ಬೈಯಲಿಲ್ಲ. ತುಂಬಾ ಹೊತ್ತು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ರಣಜಿ ಬೆಳಗು ಸರ್, ಪಡಿಕ್ಕಲ್ ಅವರ ಇನಿಂಗ್ಸ್‌ನ ಸ್ಕೋರ್ ಪಟ್ಟಿಯನ್ನು ಇವತ್ತು ಪೂರ್ತಿ ನೋಡಿದೆ. ಅವರು ನಮ್ಮ ಆರ್‌ಸಿಬಿಯವರೂ ಹೌದಲ್ಲ, ಆದರೂ ಬುಧವಾರ ನಾನು ಒಮ್ಮೆಯೂ ಸ್ಕೋರ್ ನೋಡಿರಲಿಲ್ಲ. ರಣಜಿಯ ಎರಡನೆಯ ಹಂತ ಜನವರಿ 22ಕ್ಕೆ ಶುರು ಎಂದು ಓದಿದೆ. ಬೆಂಗಳೂರಿನ ಸುತ್ತ ಪಂದ್ಯ ಬಿದ್ದು, ಪ್ರೇಕ್ಷಕರನ್ನು ಬಿಡುವುದಾದರೆ ನಾವು ನಾಲ್ವರು ಬರುತ್ತೇವೆ. ಆರ್‌ಸಿಬಿ ಜರ್ಸಿ ಹಾಕಿಕೊಂಡು ಬರಬಹುದೇ? ಎಷ್ಟು ಗಂಟೆಗೆ ಬರಬೇಕು?

ರಣಜಿ ಬೆಳಗು
29 ಡಿಸೆಂಬರ್, ಬೆಳಿಗ್ಗೆ 6.20

ಯಾವ ಜರ್ಸಿಯಾದರೂ ಹಾಕಿಕೊಂಡು ಬನ್ನಿ. ಆಟ ಒಂಬತ್ತೂವರೆಗೆ ಶುರು, ಆದರೆ ಎಂಟೂವರೆಗೇ ಬನ್ನಿ. ಪಿಚ್ ಮೇಲಿನ ಇಬ್ಬನಿ ಒಣಗುವುದನ್ನು, ಬೌಲರುಗಳು ಓಟದ ಹೆಜ್ಜೆ ಅಳೆದು ಗುರುತು ಹಾಕುವುದನ್ನು ನೋಡಬೇಕು. ಟೋಪಿ ಮರೆಯಬೇಡಿ, ಹತ್ತಕ್ಕೆಲ್ಲ ಬಿಸಿಲು ಏರುತ್ತದೆ. ನೀರು ತನ್ನಿ. ನಾಲ್ವರಿಗೂ ಸೇರಿಸಿ ಚಿತ್ರಾನ್ನ ನಾನು ತರುತ್ತೇನೆ.

ರಾಜನಗರದ ಗ್ಯಾಲರಿ
29 ಡಿಸೆಂಬರ್, ಬೆಳಿಗ್ಗೆ 7.05

ಪಂದ್ಯ ಹುಬ್ಬಳ್ಳಿಗೆ ಬಿದ್ದರೆ ಎಲ್ಲರೂ ನಮ್ಮ ಮನೆಗೇ ಇಳಿಯಬೇಕು. ರಾತ್ರಿ ರೈಲಿಗೆ ಹತ್ತಿದರೆ ಬೆಳಗಾಗುವಷ್ಟರಲ್ಲಿ ಇಲ್ಲಿರುತ್ತೀರಿ. ರೊಟ್ಟಿ, ಎಣ್ಣೆಗಾಯಿ ನಮ್ಮದು. ಮಗಳನ್ನೂ ಕರೆದುಕೊಂಡು ಬನ್ನಿ ಅಕ್ಕ, ನನ್ನ ಮಗಳು ಲೆಗ್ ಸ್ಪಿನ್ ಹಾಕುತ್ತಾಳೆ.